ವಿದೇಶಕ್ಕೆ ಕರೆ: ದರಪಟ್ಟಿಗಿಂತ ಮೊದಲು ನಿಮ್ಮ ಕರೆಗಳ ಪಟ್ಟಿ ನೋಡಿ

ನನ್ನ ಸೋದರತ್ತೆಗೆ ಎಂಬತ್ತೊಂದು ವರ್ಷ. ಬೇರೆ ದೇಶದಲ್ಲಿ ಒಬ್ಬರೇ ಇದ್ದಾರೆ. ಸ್ಮಾರ್ಟ್‌ಫೋನ್ ಅವರ ಕೈಗೆ ಒಗ್ಗಲೇ ಇಲ್ಲ. ಹಾಸಿಗೆಯ ಪಕ್ಕದಲ್ಲಿರುವ ಸ್ಥಿರ ದೂರವಾಣಿಯೇ ಅವರಿಗೆ ಆಸರೆ. ‘ವಾಟ್ಸ್‌ಆ್ಯಪ್ ಇರುವಾಗ ಖರ್ಚೇಕೆ?’ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಆ ಸೌಲಭ್ಯ ಎರಡೂ ಕಡೆ ಆ್ಯಪ್ ಇದ್ದವರಿಗೆ. ಅತ್ತೆಯಂಥವರಿಗೆ, ಅಲ್ಲಿನ ಆಸ್ಪತ್ರೆಗೆ, ಬ್ಯಾಂಕಿಗೆ ನಂಬರ್ ಒತ್ತಿಯೇ ಕರೆ ಮಾಡಬೇಕು. ಏಳು ವರ್ಷಗಳಿಂದ ಹಾಗೆ ಮಾಡುತ್ತಾ ಬಂದಿರುವುದರಿಂದ ಈ ವಿಷಯದಲ್ಲಿ ನನಗೆ ಖಚಿತವಾದ ಒಂದು ಅಭಿಪ್ರಾಯವಿದೆ: ನಿಮಿಷದ ದರ ನೋಡಿ ಸೇವೆಯನ್ನು ಆರಿಸಬೇಡಿ. ನೀವು ಎಂಥ ಕರೆ ಮಾಡುತ್ತೀರಿ ಎಂಬುದನ್ನು ನೋಡಿ ಆರಿಸಿ.

ಫೋನಿನಲ್ಲಿರುವ ಕಳೆದ ತಿಂಗಳ ಕರೆಗಳ ಪಟ್ಟಿಯನ್ನು ಒಂದು ಹಾಳೆಯ ಮೇಲೆ ಇಳಿಸಿಕೊಳ್ಳಿ. ನಾನು ಮೊದಲ ಬಾರಿ ಹಾಗೆ ಮಾಡಿದಾಗ ಹದಿನೇಳು ಕರೆಗಳಿದ್ದವು. ಒಂಬತ್ತು ಕರೆಗಳು ‘ಮಾತ್ರೆ ತೆಗೆದುಕೊಂಡಿರಾ?’ ಎಂದು ಕೇಳುವಂಥವು, ಒಂದು ನಿಮಿಷ ದಾಟಿ ಎರಡರೊಳಗೆ ಮುಗಿದವು. ಎಂಟು ಕರೆಗಳು ಅರ್ಧ ಗಂಟೆಯ ಮಾತುಕತೆ. ನನ್ನ ಮುಂದೆ ಎರಡು ಸೇವೆಗಳಿದ್ದವು ಎಂದುಕೊಳ್ಳಿ; ಹಣ ಯಾವ ನಾಣ್ಯದ್ದಾದರೂ ಆಗಲಿ. ಒಂದರಲ್ಲಿ ನಿಮಿಷಕ್ಕೆ 2, ಬೇರೆ ಶುಲ್ಕವಿಲ್ಲ. ಇನ್ನೊಂದರಲ್ಲಿ ನಿಮಿಷಕ್ಕೆ 1, ಆದರೆ ಪ್ರತಿ ಕರೆಗೂ 5ರ ಸಂಪರ್ಕ ಶುಲ್ಕ. ಎರಡರಲ್ಲೂ ಅರ್ಧ ನಿಮಿಷವನ್ನು ಪೂರ್ತಿ ನಿಮಿಷವೆಂದೇ ಲೆಕ್ಕ ಹಿಡಿಯುತ್ತಾರೆ. ಚಿಕ್ಕ ಕರೆಗಳಿಗೆ ಮೊದಲನೆಯದರಲ್ಲಿ 36, ಎರಡನೆಯದರಲ್ಲಿ 63. ಉದ್ದ ಕರೆಗಳಿಗೆ ಮೊದಲನೆಯದರಲ್ಲಿ 480, ಎರಡನೆಯದರಲ್ಲಿ 280. ಒಂದನ್ನೇ ನೆಚ್ಚಿಕೊಂಡರೆ 516 ಅಥವಾ 343. ಎರಡನ್ನೂ ಇಟ್ಟುಕೊಂಡು ಚಿಕ್ಕದಕ್ಕೆ ಮೊದಲನೆಯದು, ಉದ್ದದ್ದಕ್ಕೆ ಎರಡನೆಯದು ಎಂದು ಬಳಸಿದರೆ 316. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಸಂಪರ್ಕ ಶುಲ್ಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಉತ್ತರಿಸುವ ಯಂತ್ರ ಎತ್ತಿಕೊಂಡರೂ ಅದು ಒಂದು ಕರೆಯೇ ಎಂಬುದನ್ನು ಮರೆಯಬೇಡಿ.

ಇನ್ನು ನಂಬರ್. ಒಂದೇ ದೇಶದಲ್ಲಿ ಸ್ಥಿರ ದೂರವಾಣಿಗೆ ಒಂದು ದರ, ಮೊಬೈಲಿಗೆ ಅದರ ಹಲವು ಪಟ್ಟು ದರ ಇರುವುದು ಸಾಮಾನ್ಯ. ಅಮೆರಿಕ, ಕೆನಡಾದಂಥ ಕೆಲವು ಕಡೆ ಎರಡಕ್ಕೂ ಹೆಚ್ಚಾಗಿ ಒಂದೇ. ಅತ್ತೆಯ ಮನೆಯ ನಂಬರಿನ ದರ ಮಾತ್ರ ನೋಡಿ ಅವರ ವೈದ್ಯರ ಮೊಬೈಲಿಗೆ ಕರೆ ಮಾಡಿದ ದಿನ ನನಗೆ ಈ ವ್ಯತ್ಯಾಸ ಅರ್ಥವಾಯಿತು. ದೇಶದ ಸಂಕೇತವೂ ದಾರಿ ತಪ್ಪಿಸಬಹುದು. +1 ಎಂದರೆ ಅಮೆರಿಕವೇ ಆಗಬೇಕಿಲ್ಲ: +1 876 ಜಮೈಕಾ, +1 809 ಡೊಮಿನಿಕನ್ ರಿಪಬ್ಲಿಕ್. ಬ್ರಿಟನ್ನಿನ +44 ಅನ್ನು ಜೆರ್ಸಿ, ಗರ್ನ್ಸಿ ದ್ವೀಪಗಳೂ ಬಳಸುತ್ತವೆ. ರಷ್ಯಾ ಮತ್ತು ಕಜಕಿಸ್ತಾನ ಎರಡಕ್ಕೂ +7. ಹಾಗಾಗಿ ದರಪಟ್ಟಿಯಲ್ಲಿ ದೇಶದ ಹೆಸರು ಹುಡುಕುವುದರ ಬದಲು, ಸೇವೆಯ ಆ್ಯಪ್‌ನಲ್ಲಿ ಪೂರ್ತಿ ನಂಬರ್ ಹಾಕಿ ದರ ಕೇಳಿ. +881 ಅಥವಾ +870 ಕಂಡರೆ ಅದು ಉಪಗ್ರಹ ಫೋನ್. ದರ ನೋಡದೆ ಒತ್ತಲೇಬೇಡಿ. ಗೊತ್ತಿಲ್ಲದ ವಿದೇಶಿ ನಂಬರಿನಿಂದ ಒಂದೇ ರಿಂಗಿನ ಮಿಸ್ಡ್ ಕಾಲ್ ಬಂದರೆ ತಿರುಗಿ ಕರೆ ಮಾಡಬೇಡಿ; ದುಬಾರಿ ನಂಬರಿಗೆ ಕರೆ ಮಾಡಿಸಿ ಹಣ ದೋಚುವ ಹಳೆಯ ವಂಚನೆಯದು.

ನಂಬರ್ ಬರೆದುಕೊಳ್ಳುವಾಗ ಪ್ಲಸ್ ಚಿಹ್ನೆಯಿಂದಲೇ ಆರಂಭಿಸಿ. ಹಲವು ದೇಶಗಳಲ್ಲಿ ಒಳಗಿನ ಕರೆಗೆ ಮುಂದೆ ಹಾಕುವ ಸೊನ್ನೆಯನ್ನು ಹೊರಗಿನಿಂದ ಕರೆಯುವಾಗ ಬಿಡಬೇಕು. ಆದರೆ ಇಟಲಿಯ ಸ್ಥಿರ ದೂರವಾಣಿಗಳಲ್ಲಿ ಆ ಸೊನ್ನೆ ಉಳಿಯಬೇಕು.

ಆಯ್ಕೆಗಳು ಸ್ಥೂಲವಾಗಿ ಮೂರು. ಮೊಬೈಲ್ ಕಂಪನಿಯ ಅಂತರರಾಷ್ಟ್ರೀಯ ಪ್ಯಾಕ್: ಇಂಟರ್‌ನೆಟ್ ಬೇಡ, ಧ್ವನಿ ಸ್ಥಿರ, ಆದರೆ ಅವಧಿ ಮುಗಿದರೆ ಉಳಿದ ನಿಮಿಷಗಳು ಹೋದಂತೆಯೇ. ಕರೆ ಕಾರ್ಡ್: ಸ್ಥಳೀಯ ನಂಬರಿಗೆ ಕರೆ ಮಾಡಿ, ಪಿನ್ ಒತ್ತಿ, ಆಮೇಲೆ ವಿದೇಶದ ನಂಬರ್. ನನ್ನದೊಂದು ಕಾರ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಣ ಬಳಸದೆಯೇ ‘ನಿರ್ವಹಣಾ ಶುಲ್ಕ’ದ ಹೆಸರಿನಲ್ಲಿ ಕರಗಿತು. ಅಂದಿನಿಂದ ಕಾರ್ಡ್ ಕೊಂಡಿಲ್ಲ. ಮೂರನೆಯದು ವೈಬರ್ ಔಟ್‌ನಂತಹ ಸೇವೆ. ನಮ್ಮ ಕಡೆ ಮಾತ್ರ ಇಂಟರ್‌ನೆಟ್ ಸಾಕು, ಅತ್ತ ಮಾಮೂಲಿ ಫೋನ್ ರಿಂಗಾಗುತ್ತದೆ. ನನಗೆ ಇದೇ ಹೆಚ್ಚು ಇಷ್ಟ. ಆದರೆ ಇದರಲ್ಲಿ ದೊಡ್ಡ ಮೊತ್ತ ತುಂಬಿಡಬೇಡಿ. ವರ್ಷಗಟ್ಟಲೆ ಜನ ನೆಚ್ಚಿಕೊಂಡಿದ್ದ ಇಂಥದೇ ಸೇವೆ ಸ್ಕೈಪ್ 2025ರ ಮೇ ತಿಂಗಳಲ್ಲಿ ಮುಚ್ಚಿತು. ತಿಂಗಳಿಗೆ ಬೇಕಾದಷ್ಟೇ ಹಾಕಿ, ಹಣ ತಾನಾಗಿಯೇ ತುಂಬಿಕೊಳ್ಳುವ ಸ್ವಯಂ ಮರುಭರ್ತಿಯನ್ನು ಬಂದ್ ಮಾಡಿಡಿ.

ಮೊದಲ ಬಾರಿ ಕಡಿಮೆ ಮೊತ್ತ ಹಾಕಿ ಐದು ನಿಮಿಷ ಮಾತನಾಡಿ, ಮುಗಿದೊಡನೆ ಎಷ್ಟು ಕಡಿತವಾಗಿದೆ ನೋಡಿ. ಧ್ವನಿಗೆ ಕಿವಿಗೊಡಿ: ನೀವು ಮಾತು ಮುಗಿಸಿದ ಮೇಲೂ ಅತ್ತ ಕಡೆಯ ಉತ್ತರ ತಡವಾಗಿ ಬಂದು ಇಬ್ಬರೂ ಒಟ್ಟಿಗೇ ಮಾತನಾಡುವಂತಾದರೆ, ವಯಸ್ಸಾದವರು ಬೇಗ ದಣಿಯುತ್ತಾರೆ. ‘ಖಾತೆಗೆ 1 ಒತ್ತಿ’ ಎನ್ನುವ ಬ್ಯಾಂಕಿನ ನಂಬರಿಗೂ ಒಮ್ಮೆ ಕರೆ ಮಾಡಿ, ಒತ್ತಿದ ಅಂಕಿ ಅತ್ತ ತಲುಪುತ್ತದೆಯೇ ಪರೀಕ್ಷಿಸಿ. ನಿಮ್ಮ ನಂಬರ್ ಅತ್ತ ಹೇಗೆ ಕಾಣುತ್ತದೆ ಎಂದೂ ಕೇಳಿ. ಅತ್ತೆಯ ಫೋನಿನ ಪರದೆಯ ಮೇಲೆ ಅಪರಿಚಿತ ನಂಬರ್ ಮೂಡುತ್ತಿತ್ತು. ಮೂರು ದಿನ ಅವರು ಫೋನ್ ಎತ್ತಲಿಲ್ಲ. ಆ್ಯಪ್‌ನಲ್ಲಿ ನನ್ನ ಸ್ವಂತ ನಂಬರನ್ನು ದೃಢೀಕರಿಸಿದ ಮೇಲೆ ಸರಿಹೋಯಿತು.

ಆ ಮೂರು ದಿನಗಳಲ್ಲೇ ಇನ್ನೊಂದು ಸಂಗತಿ ಹೊಳೆದದ್ದು. ತುರ್ತು ಸೇವೆಯ ಚಿಕ್ಕ ನಂಬರನ್ನು ನಾನು ಇಲ್ಲಿಂದ ಒತ್ತಿದರೆ ಅದು ಇಲ್ಲಿನ ಸೇವೆಗೆ ಹೋಗುತ್ತದೆ, ಅತ್ತೆಯ ಊರಿನದಕ್ಕಲ್ಲ. ಈಗ ಅವರ ಪಕ್ಕದ ಮನೆಯ ನಂಬರ್ ಮತ್ತು ಅಲ್ಲಿನ ಪೊಲೀಸ್ ಠಾಣೆಯ ಪೂರ್ತಿ ನಂಬರ್, ದೇಶದ ಸಂಕೇತದ ಸಮೇತ, ನನ್ನ ಫೋನಿನಲ್ಲಿ ಅತ್ತೆಯ ಹೆಸರಿನ ಕೆಳಗೇ ಇವೆ.