ಫ್ರೇಮ್ ಪೂಲ್ ಎಷ್ಟು ವರ್ಷ ಬಾಳಿಕೆ ಬರುತ್ತೆ? ಎರಡು ಪೂಲ್ ಸಾಕಿದವನ ಅನುಭವ

ಫ್ರೇಮ್ ಪೂಲ್ ಅಂದ್ರೆ ನೆಲದ ಮೇಲೇ ಕಬ್ಬಿಣದ ಪೈಪ್ ಜೋಡಿಸಿ ನಿಲ್ಲಿಸೋ ಈಜುಕೊಳ. ನನ್ನ ಮೊದಲ್ನೇ ಪೂಲು ಎರಡೇ ಬೇಸಿಗೆಗೆ ಕೈಕೊಡ್ತು. ಎರಡನೇದು ಈಗ ಏಳನೇ ವರ್ಷದಲ್ಲಿದೆ, ಮಧ್ಯೆ ಒಂದ್ಸಲ ಲೈನರ್, ಅಂದ್ರೆ ನೀರು ಹಿಡಿಯೋ ಪ್ಲಾಸ್ಟಿಕ್ ಚೀಲ, ಬದಲಾಯಿಸಿದ್ದೀನಿ, ಎರಡು ಪೈಪ್ ಬದಲಾಯಿಸಿದ್ದೀನಿ, ಪಂಪು ಮೂರನೇದು ಓಡ್ತಿದೆ. ಹಾಗಾಗಿ ಯಾರಾದ್ರೂ ಇದು ಎಷ್ಟು ವರ್ಷ ಬರುತ್ತೆ ಅಂತ ಕೇಳಿದ್ರೆ ನಾನು ತಿರುಗಿ ಕೇಳೋದು, ಯಾವ ಭಾಗದ್ದು ಕೇಳ್ತಿದ್ದೀರಾ ಅಂತ. ಪೂಲು ಒಂದೇ ವಸ್ತು ಅಂತ ಅಂದ್ಕೊಂಡು ದುಡ್ಡು ಕೊಡ್ತೀವಿ, ಆದ್ರೆ ಅದ್ರಲ್ಲಿರೋದು ಮೂರು ಬೇರೆ ಬೇರೆ ಆಯಸ್ಸು. ನನ್ನ ಕೈಯಲ್ಲಿ ಲೈನರ್ 4 ಬೇಸಿಗೆ ಬಂತು, ಡಬ್ಬಿ ಜೊತೆ ಬರೋ ಸಣ್ಣ ಪಂಪು 2-3 ವರ್ಷ, ಫ್ರೇಮ್ ಮಾತ್ರ ಇನ್ನೂ ನಿಂತಿದೆ. ಮೊದಲು ಹೋಗೋದು ಯಾವಾಗ್ಲೂ ಲೈನರ್ರೇ ಅಂತ ನಾನು ಅಂದ್ಕೊಂಡಿದ್ದೆ, ಆದ್ರೆ ಮೊದಲ್ನೇ ಪೂಲ್‌ನ ಕೊಂದಿದ್ದು ಲೈನರ್ರೂ ಅಲ್ಲ ಫ್ರೇಮೂ ಅಲ್ಲ, ನೆಲ.

ಆ ಕಥೆ ಹೇಳ್ಬಿಡ್ತೀನಿ. 12 ಅಡಿ ಅಗಲದ, 30 ಇಂಚು ಎತ್ತರದ ರೌಂಡ್ ಪೂಲು. ಹಿತ್ತಲಲ್ಲಿ ಜಾಗ ಕಣ್ಣಿಗೆ ಸಮತಟ್ಟಾಗೇ ಕಾಣ್ತಿತ್ತು. ಜೋಡಿಸೋಕೆ ಬಂದ ನನ್ನ ಭಾಮೈದ "ಬಿಡಿ ಭಾವ, ನೀರು ತಾನೇ ಲೆವೆಲ್ ಮಾಡ್ಕೊಳುತ್ತೆ" ಅಂದ. ಮಾಡ್ಕೊಂತು ನಿಜ, ನೀರು ಲೆವೆಲ್ ಆಯ್ತು, ಪೂಲು ಆಗ್ಲಿಲ್ಲ. ತುಂಬಿದ ಮೇಲೆ ನೋಡಿದ್ರೆ ಒಂದು ಕಡೆ ನೀರು ಅಂಚಿಗೆ ನಾಲ್ಕು ಬೆರಳು ಹತ್ರ, ಎದುರಿನ ಕಡೆ ಎಂಟು ಬೆರಳು ದೂರ. ಅಷ್ಟೇ ತಾನೇ ಅಂತ ಬಿಟ್ವಿ. ಆ ಸೈಜಿನ ಪೂಲಲ್ಲಿ ಸುಮಾರು 6500 ಲೀಟರ್ ನೀರು ಹಿಡಿಯುತ್ತೆ, ಅಂದ್ರೆ ಆರೂವರೆ ಟನ್ನು, ಅದೆಲ್ಲಾ ಹಗಲೂ ರಾತ್ರಿ ತಗ್ಗಿನ ಕಡೆಗೇ ಜಾಸ್ತಿ ಒತ್ತುತ್ತಾ ಇರುತ್ತೆ. ಮೊದಲ್ನೇ ಬೇಸಿಗೆ ಮುಗಿಯೋ ಹೊತ್ತಿಗೆ ಆ ಕಡೆಯ ಮೂರು ಕಾಲು ಹೊರಗಡೆ ವಾಲಿದ್ವು, ಮಣ್ಣಲ್ಲಿ ಒಂದಿಂಚು ಇಳಿದೂ ಇದ್ವು. ಎರಡನೇ ಬೇಸಿಗೆಯಲ್ಲಿ ಕಾಲುಗಳನ್ನ ಸುತ್ತ ಹಿಡಿದಿಟ್ಟಿರುತ್ತಲ್ಲ ಆ ಪಟ್ಟಿ, ಅದರ ಹೊಲಿಗೆ ಹತ್ರ ನೂಲು ಬಿಟ್ಕೊಂಡಿದ್ದು ಕಾಣಿಸ್ತು. ನಾನು ಅದನ್ನ ನೋಡಿ ವಾರ ಬಿಟ್ಟು ಹೊಲಿಸೋಣ ಅಂದ್ಕೊಂಡೆ. ನಾಲ್ಕನೇ ದಿನ ಸಂಜೆ ಟಪ್ ಅಂತ ಒಂದು ಶಬ್ದ, ಆಮೇಲೆ ಗೋಡೆ ಮಲಗಿದ ಹಾಗೆ ಆಯ್ತು, ನೀರು ಹೋದ ರಭಸಕ್ಕೆ ಏಣಿ ಕಾಂಪೌಂಡ್ ತನಕ ಹೋಗಿ ಬಿದ್ದಿತ್ತು. ಒಳಗೆ ಯಾರೂ ಇರ್ಲಿಲ್ಲ. ಹತ್ತು ನಿಮಿಷ ಮುಂಚೆ ಮಕ್ಕಳು ಎದ್ದು ಹೋಗಿದ್ರು. ಅವತ್ತು ರಾತ್ರಿ ನಂಗೆ ನಿದ್ದೆ ಬರ್ಲಿಲ್ಲ.

ಆ ಪಟ್ಟಿ ಯಾಕೆ ಕಿತ್ಕೊಂತು ಅಂತ ಆಮೇಲೆ ಕೈಯಲ್ಲಿ ಹಿಡಿದು ನೋಡಿದೆ. ನೆರಳಿದ್ದ ಕಡೆ ಗಟ್ಟಿಯಾಗೇ ಇತ್ತು, ಮಧ್ಯಾಹ್ನದ ಬಿಸಿಲು ನೇರ ಬೀಳ್ತಿದ್ದ ಕಡೆ ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತಿತ್ತು. ತಗ್ಗೂ ಅದೇ ಕಡೆ, ಬಿಸಿಲೂ ಅದೇ ಕಡೆ.

ಎರಡನೇ ಪೂಲಿಗೆ, ಇದು ದೊಡ್ಡದು, 15 ಅಡಿ ಅಗಲ 48 ಇಂಚು ಎತ್ತರ, ತುಂಬಿದ್ರೆ 16 ಸಾವಿರ ಲೀಟರ್ ದಾಟುತ್ತೆ, ಪೂಲ್ ಡಬ್ಬಿ ಬಿಚ್ಚೋಕೂ ಮುಂಚೆ ನಾಲ್ಕು ದಿನ ಬರೀ ನೆಲಕ್ಕೆ ಹೋಯ್ತು. ಮಧ್ಯದಲ್ಲಿ ಒಂದು ಗೂಟ ಹೊಡೆದು ಹಗ್ಗ ಕಟ್ಟಿ ಸುತ್ತು ಗುರುತು ಹಾಕ್ದೆ, ಪೂಲಿಗಿಂತ ಒಂದಡಿ ಜಾಸ್ತಿನೇ. ಆಮೇಲೆ ಗಾರೆಯವರು ಇಟ್ಕೊಂಡಿರೋ ಟ್ಯೂಬ್ ಲೆವೆಲ್, ಅದೇ ನೀರು ತುಂಬಿದ ಪೈಪು, ಅದನ್ನ ಹಿಡಿದು ಎಂಟು ಕಡೆ ಗುರುತು ಮಾಡಿದ್ದು. ರಸಮಟ್ಟ ಉದ್ದದ ಹಲಗೆ ಮೇಲಿಟ್ರೂ ಆಗುತ್ತೆ ಆದ್ರೆ ಹಲಗೆ ನೆಟ್ಟಗಿರ್ಬೇಕು. ಇಲ್ಲಿ ಎಲ್ರೂ ಮಾಡೋ ತಪ್ಪೇನಂದ್ರೆ ತಗ್ಗಿರೋ ಕಡೆ ಮಣ್ಣು ತುಂಬ್ಸಿ ಸಮ ಮಾಡೋದು. ಹಾಗೆ ಮಾಡ್ಬೇಡಿ. ತುಂಬಿದ ಮಣ್ಣು ಎಷ್ಟು ದಮ್ಮಸ್ ಹೊಡೆದ್ರೂ 16 ಟನ್ ಕೂತ ಮೇಲೆ ಕುಸಿಯುತ್ತೆ. ದಿಬ್ಬ ಇರೋ ಕಡೆ ಕೆತ್ತಿ ತಗ್ಗಿನ ಮಟ್ಟಕ್ಕೆ ತರ್ಬೇಕು, ಬೆನ್ನು ನೋಯುತ್ತೆ, ಏನೂ ಮಾಡೋಕಾಗಲ್ಲ. ಪ್ರತಿ ಕಾಲಿನ ಕೆಳಗೂ ಒಂದು ಸಿಮೆಂಟ್ ಬಿಲ್ಲೆ, ನೆಲಕ್ಕೆ ಸಮ ಆಗೋ ಹಾಗೆ ಹೂತು ಇಟ್ಟೆ, ಎತ್ತರಕ್ಕೆ ನಿಲ್ಲಬಾರ್ದು. ಮಧ್ಯೆ ಜರಡಿ ಹಿಡಿದ ಮರಳು ತೆಳ್ಳಗೆ, ಅದರ ಮೇಲೆ ಫೋಮ್ ಶೀಟು, ಅದರ ಮೇಲೆ ದಪ್ಪ ಟಾರ್ಪಾಲು. ಹುಲ್ಲು ಪೂರ್ತಿ ಬೇರು ಸಮೇತ ತೆಗೀಬೇಕು, ಅದ್ರಲ್ಲೂ ಕೊನ್ನಾರಿ ಗಡ್ಡೆ ಇದ್ರೆ ಒಂದೊಂದನ್ನೂ ಆರಿಸಿ ತೆಗೀರಿ, ಅದರ ಮೊಳಕೆ ಸೂಜಿ ಥರ ಟಾರ್ಪಾಲು, ಲೈನರ್ ಎರಡನ್ನೂ ಚುಚ್ಕೊಂಡು ಮೇಲೆ ಬರುತ್ತೆ. ನಂಬಿಕೆ ಇಲ್ದಿದ್ರೆ ಮೊದಲ್ನೇ ಪೂಲಿನ ತಳ ತೋರಿಸ್ತೀನಿ, ಇನ್ನೂ ಇಟ್ಕೊಂಡಿದ್ದೀನಿ, ಪ್ಯಾಚ್ ಹಾಕೋಕೆ ಅದನ್ನೇ ಕತ್ತರಿಸ್ಕೋತೀನಿ.

ಈಗ ಲೈನರ್ ವಿಷಯ. ಇದು ಎರಡು ಪದರ ಪಿವಿಸಿ, ಮಧ್ಯೆ ಪಾಲಿಯೆಸ್ಟರ್ ಬಲೆ. ಪಿವಿಸಿ ಸಹಜವಾಗಿ ಗಟ್ಟಿ, ಮೆತ್ತಗಾಗ್ಲಿ ಅಂತ ಪ್ಲಾಸ್ಟಿಸೈಜರ್ ಸೇರಿಸಿರ್ತಾರೆ, ಬಿಸಿಲು, ಕಾವು, ಕ್ಲೋರಿನ್ ಎಲ್ಲಾ ಸೇರಿ ಅದನ್ನ ವರ್ಷಾನುಗಟ್ಟಲೆ ಹೊರಗೆ ಎಳೀತಾ ಇರುತ್ತೆ. ಲೈನರ್ ಹಳೇದಾಯ್ತು ಅಂದ್ರೆ ಬೇರೇನಲ್ಲ, ಅದು ಒಣಗ್ತಿದೆ ಅಂತ. ಎಲ್ಲಿ ಒಣಗುತ್ತೆ ಗೊತ್ತಾ, ನೀರಿನ ಗೆರೆಯಿಂದ ಮೇಲೆ, ಆ ನಾಲ್ಕೈದು ಇಂಚು. ನೀರೊಳಗೆ ಇರೋ ಭಾಗ ತಂಪಾಗಿರುತ್ತೆ, ಹೊರಗಿರೋ ಪಟ್ಟಿ ದಿನಾ ಸುಡುತ್ತೆ, ಜೊತೆಗೆ ಮೈಗೆ ಹಚ್ಕೊಂಡ ಎಣ್ಣೆ, ಸನ್‌ಸ್ಕ್ರೀನ್ ಎಲ್ಲಾ ಬಂದು ಅಲ್ಲೇ ಅಂಟ್ಕೊಳ್ಳೋದು. ನಾನು ತಿಂಗಳಿಗೊಂದ್ಸಲ ಅಲ್ಲಿ ಎರಡು ಬೆರಳಲ್ಲಿ ಮಡಿಕೆ ಮಾಡಿ ಒತ್ತಿ ಬಿಡ್ತೀನಿ. ಹೊಸತರಲ್ಲಿ ಗೆರೆ ಉಳಿಯಲ್ಲ. ಬಿಳೀ ಗೆರೆ ಉಳಿಯೋಕೆ ಶುರುವಾದ್ರೆ ಇನ್ನೊಂದೆರಡು ಬೇಸಿಗೆ ಅಷ್ಟೇ, ಆ ಗೆರೆ ಮೇಲೆ ಬಿರುಕು ಕಂಡ್ರೆ ನೀರು ತುಂಬೋಕೇ ಹೋಗ್ಬೇಡಿ.

ಕ್ಲೋರಿನ್ ಜಾಸ್ತಿ ಹಾಕಿದ್ರೆ ನೀರು ಕ್ಲೀನಾಗಿರುತ್ತೆ ಅಂತ ನಾನೂ ಸುರಿದವನೇ. ಲೆಕ್ಕ ಇಷ್ಟೇ, ಕ್ಲೋರಿನ್ 1ರಿಂದ 3 ಪಿಪಿಎಂ (ಹತ್ತು ಲಕ್ಷ ಭಾಗ ನೀರಿಗೆ ಅಷ್ಟು ಭಾಗ), ಪಿಎಚ್ 7.2ರಿಂದ 7.6 ಒಳಗೆ, ಟೆಸ್ಟ್ ಸ್ಟ್ರಿಪ್ ಇದ್ರೆ ಅರ್ಧ ನಿಮಿಷದ ಕೆಲಸ. ನೀರಲ್ಲಿ ತೇಲಿಬಿಡೋ ಡಬ್ಬಿ, ಅದೇ ಫ್ಲೋಟರ್, ಅದರಿಂದ ಒಂದು ಕ್ಲೋರಿನ್ ಮಾತ್ರೆ ಜಾರಿ ತಳಕ್ಕೆ ಬಿದ್ದು ರಾತ್ರಿಯೆಲ್ಲಾ ಅಲ್ಲೇ ಕೂತಿತ್ತು, ಬೆಳಿಗ್ಗೆ ನೋಡಿದ್ರೆ ನೀಲಿ ತಳದ ಮೇಲೆ ಅಂಗೈ ಅಗಲ ಬೆಳ್ಳಗೆ, ಮುಟ್ಟಿದ್ರೆ ಆ ಜಾಗ ಮಾತ್ರ ಒರಟು. ಮುಂದಿನ ವರ್ಷ ಸರಿಯಾಗಿ ಅದೇ ಜಾಗದಲ್ಲಿ ಸೋರಿದ್ದು. ಆ ಟ್ರೈಕ್ಲೋರ್ ಮಾತ್ರೆಗಳು ಆಸಿಡ್ ಸ್ವಭಾವದವು ಬೇರೆ, ಬರೀ ಅವನ್ನೇ ಹಾಕ್ತಾ ಹೋದ್ರೆ ಪಿಎಚ್ ಇಳೀತಾ ಹೋಗುತ್ತೆ, ಲೈನರ್ ಸುಕ್ಕಾಗುತ್ತೆ, ಹನಿ ಸಿಡಿದ ಕಡೆ ಕಬ್ಬಿಣನೂ ತಿನ್ನುತ್ತೆ.

ತುಕ್ಕು ಬಗ್ಗೆ ನಾನು ಕಲ್ತಿದ್ದು ಉಲ್ಟಾ. ಹೊರಗಡೆ ಪೈಂಟ್ ಎದ್ದಿದೆಯಾ ಅಂತ ನೋಡ್ತಾ ಕೂತಿದ್ದೆ, ಪೈಪು ಹೋಗಿದ್ದು ಒಳಗಿಂದ. ಮೇಲಿನ ಅಡ್ಡ ಪೈಪು ಲೈನರ್‌ನ ತೋಳಿನೊಳಗೆ ತೂರಿರುತ್ತಲ್ಲ, ಆ ತೋಳು ಒಂದು ಸಲ ಒದ್ದೆ ಆದ್ರೆ ಬೇಗ ಒಣಗಲ್ಲ, ಒದ್ದೆ ಬಟ್ಟೆ ಸುತ್ತಿಟ್ಟ ಹಾಗೆ. ಕಾಲೂ ಅಡ್ಡ ಪೈಪೂ ಸೇರೋ ಟಿ ಜಾಯಿಂಟ್ ಹತ್ರ ಪಿನ್ನಿನ ತೂತು ಇರೋ ಕಡೆ ಪೌಡರ್ ಕೋಟಿಂಗ್ ಗೀರಿ ಹೋಗಿರುತ್ತೆ, ನೀರು ಅಲ್ಲಿಂದ ಒಳಗೆ ಇಳಿದು ಪೈಪಲ್ಲಿ ನಿಲ್ಲುತ್ತೆ. ನಾಲ್ಕನೇ ವರ್ಷ ಬಿಚ್ಚುವಾಗ ಒಂದು ಪೈಪ್ ಎತ್ತಿ ಓರೆ ಮಾಡ್ದೆ, ಚಹಾ ಬಣ್ಣದ ನೀರು ಅರ್ಧ ಲೋಟ ಬಂತು, ಹಿಂದೆನೇ ತುಕ್ಕಿನ ಚಕ್ಕೆ. ಅವತ್ತಿಂದ ಪ್ರತಿ ವರ್ಷ ಬಿಚ್ಚಿದ ಮೇಲೆ ಎಲ್ಲಾ ಪೈಪನ್ನೂ ಸಿಹಿನೀರಲ್ಲಿ ತೊಳೆದು ಎರಡು ದಿನ ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸ್ತೀನಿ, ಗೀರಿದ ಜಾಗಕ್ಕೆ ಉಜ್ಜಿ ಜಿಂಕ್ ಪ್ರೈಮರ್ ಹಚ್ತೀನಿ, ಜೋಡಿಸುವಾಗ ಜಾಯಿಂಟಿಗೆ ಸ್ವಲ್ಪ ಸಿಲಿಕೋನ್ ಗ್ರೀಸು. ನೀರಿಗೆ ಉಪ್ಪು ಹಾಕಿ ಅದ್ರಿಂದಲೇ ಕ್ಲೋರಿನ್ ಮಾಡ್ಕೊಳ್ಳೋ ಉಪ್ಪು ನೀರಿನ ಸಿಸ್ಟಮ್ ಹಾಕಿದ್ರೆ ಈ ತೊಳೆಯೋ ಕೆಲಸ ಇನ್ನೂ ಮುಖ್ಯ, ಉಪ್ಪು ಒಣಗಿ ಜಾಯಿಂಟಲ್ಲಿ ಕೂತ್ರೆ ಪೈಪು ಬೇಗ ಹೋಗುತ್ತೆ. ನಾನಂತೂ ಅದರ ಸಹವಾಸಕ್ಕೆ ಹೋಗಿಲ್ಲ.

ಪಂಪಿನ ಬಗ್ಗೆ ಹೇಳೋದು ಕಮ್ಮಿ. ನೀರಿಲ್ದೆ ಓಡಿಸ್ಬೇಡಿ, ಅದರೊಳಗಿನ ಫಿಲ್ಟರ್ ಕಾರ್ಟ್ರಿಜ್ ವಾರಕ್ಕೊಂದ್ಸಲ ತೊಳೀರಿ, ಎರಡನೇ ಪಂಪು ನಾನು ಊರಿಗೆ ಹೋದಾಗ ನೀರಿನ ಮಟ್ಟ ಇಳಿದು ಗಾಳಿ ಎಳೆದು ಸುಟ್ಟೋಯ್ತು.

ಊರಿಂದ ಬಂದು ನೋಡಿದ್ರೆ ನೀರು ಒಂದು ಗೇಣು ಕಮ್ಮಿ, ಆವಿನೋ ಸೋರಿಕೆನೋ ಗೊತ್ತಾಗ್ಲಿಲ್ಲ. ಇದಕ್ಕೆ ನಾನು ಮಾಡೋದು ಬಕೆಟ್ ಟೆಸ್ಟ್. ಬಕೆಟಿಗೆ ಪೂಲಿನ ನೀರೇ ತುಂಬಿ ಏಣಿ ಮೆಟ್ಟಿಲ ಮೇಲೆ ಇಟ್ಟು, ಬಕೆಟ್ ಒಳಗಿನ ಮಟ್ಟ ಹೊರಗಿನ ಮಟ್ಟ ಎರಡೂ ಗುರುತು ಹಾಕಿ, ಪಂಪ್ ಆಫ್ ಮಾಡಿ 24 ಗಂಟೆ ಬಿಟ್ಟೆ. ಎರಡೂ ಒಂದೇ ಸಮ ಇಳಿದ್ರೆ ಬಿಸಿಲು ಕುಡ್ದಿದೆ ಅಂತ, ಪೂಲಿಂದು ಜಾಸ್ತಿ ಇಳಿದ್ರೆ ತೂತು. ನಂದು ತೂತೇ. ನೀರು ಒಂದು ಮಟ್ಟಕ್ಕೆ ಬಂದು ನಿಂತ್ರೆ ತೂತು ಗೋಡೆಯಲ್ಲಿ ಆ ಎತ್ತರಕ್ಕೇ ಇದೆ ಅಂತ ಅರ್ಥ, ನಿಲ್ಲದೇ ಇಳೀತಿದ್ರೆ ತಳ. ತಳ ಆದ್ರೆ ನೀರು ಅಲುಗದ ಹಾಗೆ ನಿಂತು ಅನುಮಾನ ಇರೋ ಕಡೆ ಫುಡ್ ಕಲರ್ ಹನಿ ಬಿಡಿ, ತೂತಿದ್ರೆ ಬಣ್ಣ ನೂಲಿನ ಥರ ಆ ಕಡೆ ಎಳ್ಕೊಂಡು ಹೋಗುತ್ತೆ. ಪ್ಯಾಚ್ ಚೌಕ ಕತ್ತರಿಸ್ಬೇಡಿ, ಮೂಲೆ ಎದ್ದೇಳುತ್ತೆ, ದುಂಡಗೆ ಕತ್ತರಿಸಿ. ನೀರೊಳಗೇ ಅಂಟೋ ವಿನೈಲ್ ಅಂಟು ಬರುತ್ತೆ, ಹಚ್ಚಿ ಮೇಲೊಂದು ನುಣುಪಾದ ಭಾರದ ಕಲ್ಲಿಟ್ಟು ಒಂದು ದಿನ ಬಿಟ್ಬಿಡಿ.

ಇನ್ನು ಎತ್ತಿಡೋದು. ಪ್ರತಿ ವರ್ಷ ಬಿಚ್ಚೋದು ಒಳ್ಳೇದಾ, ಹಾಗೇ ಬಿಡೋದು ಒಳ್ಳೇದಾ ಅನ್ನೋ ಜಗಳಕ್ಕೆ ನನ್ನ ಉತ್ತರ, ನೀರು ಹೆಪ್ಪುಗಟ್ಟೋ ಜಾಗ ಆದ್ರೆ ಬಿಚ್ಚಿ, ಇಲ್ದಿದ್ರೆ ನೀರು ತುಂಬಿಟ್ಟು ಕವರ್ ಹಾಕಿ ಬಿಡೋದು ಲೈನರಿಗೆ ಒಳ್ಳೇದು, ಯಾಕಂದ್ರೆ ಮಡಿಸಿದ ಕಡೆನೇ ಅದು ಬಿರುಕು ಬಿಡೋದು. ಖಾಲಿ ಮಾಡಿ ಬಿಸಿಲಿಗೆ ಬಿಡೋದಂತೂ ಬೇಡವೇ ಬೇಡ, ಕುಗ್ಗಿ ಹೋಗುತ್ತೆ. ಆದ್ರೆ ನಾನು ಬಿಚ್ತೀನಿ, ಆ ಜಾಗ ನಂಗೆ ಬೇರೆದಕ್ಕೆ ಬೇಕು. ಮೊದಲ ವರ್ಷ ಪೂರ್ತಿ ಒಣಗಿಸದೇ ಮಡಿಸಿಟ್ಟೆ, ತೆಗೆದಾಗ ಕಪ್ಪು ಬೂಷ್ಟು, ಪದರಕ್ಕೆ ಪದರ ಅಂಟ್ಕೊಂಡು ಬಿಡಿಸುವಾಗ ಮೇಲಿನ ಡಿಸೈನೇ ಕಿತ್ಕೊಂಡು ಬಂತು. ಮೂರನೇ ವರ್ಷ ಒಣಗಿಸಿ ಪೌಡರ್ ಹಾಕಿ ಚೆನ್ನಾಗೇ ಮಡಿಸಿಟ್ಟೆ, ಇಲಿ ಬಂತು. ಒಂದೇ ಒಂದು ಕಡೆ ಕಡಿದಿತ್ತು, ಪಾಪ ಅದರ ತಪ್ಪೇನಿಲ್ಲ. ಬಿಚ್ಚಿ ಹಾಸಿದ್ರೆ ಎಂಟು ತೂತು, ಚಿಕ್ಕೋರಿದ್ದಾಗ ಕಾಗದ ಮಡಚಿ ಕತ್ತರಿಸಿ ಬಿಚ್ತಿದ್ವಲ್ಲ ಹಂಗೆ, ಸಾಲಾಗಿ, ಎಡಕ್ಕೂ ಬಲಕ್ಕೂ ಸರಿಸಮ. ನಮ್ಮ ಮನೆಯವಳು ಅದನ್ನ ನೋಡಿ ನಕ್ಕಿದ್ದು ನಕ್ಕಿದ್ದೇ. ಈಗ ಮುಚ್ಚಳ ಇರೋ ಪ್ಲಾಸ್ಟಿಕ್ ಡ್ರಮ್ಮಲ್ಲಿ, ಮಡಿಸದೇ ಸಡಿಲವಾಗಿ ಸುತ್ತಿ ಇಡ್ತೀನಿ.

ಅಂದ ಹಾಗೆ ಅಂಚಿನ ಮೇಲೆ ಕೂರೋದು. ದೊಡ್ಡವರೇ ಕೂತ್ಕೋತಾರೆ, ಮಕ್ಕಳನ್ನ ಬೈದು ಏನು ಪ್ರಯೋಜನ. ನಾನು ಬದಲಾಯಿಸಿದ ಎರಡು ಪೈಪಲ್ಲಿ ಒಂದು ತುಕ್ಕಿಗೆ ಹೋಗಿದ್ದು, ಇನ್ನೊಂದು ನನ್ನ ಭಾಮೈದ ಕಾಲು ಇಳಿಬಿಟ್ಟು ಕೂತು ಫೋನಲ್ಲಿ ಮಾತಾಡಿದ್ದಕ್ಕೆ ಬಗ್ಗಿದ್ದು.

ಈ ಸಲ ತುಂಬೋಕೆ ಮುಂಚೆ ನೀರಿನ ಗೆರೆ ಹತ್ರ ಮಡಿಕೆ ಮಾಡಿ ನೋಡ್ದೆ, ಏಣಿ ಇಡೋ ಕಡೆ ಮಾತ್ರ ಸಣ್ಣಗೆ ಬಿಳೀ ಗೆರೆ ಉಳೀತು, ಉಳಿದ ಕಡೆ ಇಲ್ಲ. ಸುತ್ತಿನ ಪಟ್ಟಿಗೆ ಹಳೇ ಬಟ್ಟೆ ಕವರ್ ಹೊಲಿಸಿ ಹಾಕಿದ್ದೀನಿ, ನೋಡೋಕೆ ಚೆನ್ನಾಗಿಲ್ಲ, ಬಿಸಿಲು ತಾಗಲ್ಲ. ಐದನೇ ಕಾಲಿನ ಬಿಲ್ಲೆ ಒಂದು ಬೆರಳು ಕುಸಿದ ಹಾಗಿದೆ, ನಾಳೆ ಟ್ಯೂಬ್ ಲೆವೆಲ್ ಹಿಡೀಬೇಕು.