ಹಳೆಯ ಪ್ಲೇಯರ್‌ಗೆ ಸಿ-ಮೊಯ್ ಹೆಡ್‌ಫೋನ್ ಆಂಪ್: ನಾನು ಕಟ್ಟುವ ಬಗೆ

ಆಂಪ್ (ಆಂಪ್ಲಿಫೈಯರ್) ಹಾಕಿದ ಕೂಡಲೇ ಎಲ್ಲ ಪ್ಲೇಯರ್‌ಗಳ ಧ್ವನಿ ಸುಧಾರಿಸುವುದಿಲ್ಲ. ಹಳೆಯ ವಾಕ್‌ಮನ್, ಡಿಸ್ಕ್‌ಮನ್‌ಗಳ ಪೈಕಿ ಬಹಳಷ್ಟರಲ್ಲಿ ಜಾಕ್‌ಗೆ ಮುಂಚೆ ಪ್ರತಿ ಚಾನೆಲ್‌ಗೂ ಡಿಸಿ (ಏಕಮುಖ ವಿದ್ಯುತ್) ತಡೆಯುವ ಒಂದು ಎಲೆಕ್ಟ್ರೋಲೈಟಿಕ್ ಕೆಪಾಸಿಟರ್ ಇರುತ್ತದೆ. ಬಾಸ್ ಕಳೆದುಹೋಗುವುದು ಅಲ್ಲೇ. ಅದು 220 ಮೈಕ್ರೋಫ್ಯಾರಡ್ ಇದ್ದು ಹೆಡ್‌ಫೋನ್ 32 ಓಮ್ ಆದರೆ 3 ಡೆಸಿಬೆಲ್ ಇಳಿತ ಬರುವುದು 23 ಹರ್ಟ್ಸ್ ಹತ್ತಿರ, ಕಿವಿಗೆ ಗೊತ್ತಾಗುವುದಿಲ್ಲ. 100 ಮೈಕ್ರೋಫ್ಯಾರಡ್‌ಗೆ 16 ಓಮ್ ಇಯರ್‌ಫೋನ್ ಸಿಕ್ಕಿಸಿದರೆ ಅದೇ ಇಳಿತ 100 ಹರ್ಟ್ಸ್‌ಗೆ ಏರುತ್ತದೆ. ಮೃದಂಗದ ಗುಮ್ಕಿ ಸಪ್ಪೆಯಾಗುತ್ತದೆ. ನಡುವೆ ಆಂಪ್ ಬಂದರೆ ಕೆಪಾಸಿಟರ್‌ಗೆ ಎದುರಾಗುವುದು ಸುಮಾರು 10 ಕಿಲೋಓಮ್, ಬಾಸ್ ತಾನಾಗಿ ಮರಳುತ್ತದೆ. 300 ಓಮ್ ಹೆಡ್‌ಫೋನ್‌ನ ಕಥೆ ಬೇರೆ: ಎರಡು ಸೆಲ್‌ನ ಪ್ಲೇಯರ್‌ನಿಂದ ಹೆಚ್ಚೆಂದರೆ 1 ವೋಲ್ಟ್ ಸಿಗುತ್ತದೆ, ಅದಕ್ಕೆ ಅಷ್ಟು ಸಾಲದು.

ನಾನು ಕಟ್ಟುವುದು ಸಿ-ಮೊಯ್ ಎಂಬ ಹೆಸರಿಗೆ ಕಾರಣರಾದ ಚು ಮೊಯ್ ಅವರ ವಿನ್ಯಾಸವನ್ನೇ, ಡಾಟ್ ಬೋರ್ಡ್ (ತೂತುಗಳಿರುವ ಸೋಲ್ಡರ್ ಹಲಗೆ) ಮೇಲೆ. 9 ವೋಲ್ಟ್ ಬ್ಯಾಟರಿಯನ್ನು ಎರಡು 4.7 ಕೆ (ಕಿಲೋಓಮ್) ರೆಸಿಸ್ಟರ್, ಎರಡು 220 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳಿಂದ ನಡುಭಾಗ ಮಾಡಿ ಆ ಬಿಂದುವನ್ನೇ ಗ್ರೌಂಡ್ ಎಂದುಕೊಳ್ಳುವುದು. 32 ಓಮ್‌ಗೆ ಕಟ್ಟುವಾಗ 220ರ ಬದಲು ನಾನು 470 ಹಾಕುತ್ತೇನೆ, ಬಾಸ್‌ನ ಕರೆಂಟ್ ಹಿಂತಿರುಗುವ ದಾರಿ ಈ ಕೆಪಾಸಿಟರ್‌ಗಳೇ ಆದ್ದರಿಂದ. ಪ್ರತಿ ಚಾನೆಲ್ ಇನ್‌ಪುಟ್‌ಗೆ 0.1 ಮೈಕ್ರೋಫ್ಯಾರಡ್ ಫಿಲ್ಮ್ ಕೆಪಾಸಿಟರ್, ಗ್ರೌಂಡ್‌ಗೆ 100 ಕೆ. ಸಿಗ್ನಲ್ ಹಿಗ್ಗಿಸುವ ಐಸಿ (ಆಪ್-ಆಂಪ್ ಚಿಪ್) ಒಪಿಎ2134, ನೇರ ಸೋಲ್ಡರ್ ಮಾಡದೆ 8 ಪಿನ್ ಬೇಸ್ ಹಾಕಿ. 4 ಮತ್ತು 8ನೇ ಪಿನ್‌ಗಳ ಪಕ್ಕದಲ್ಲೇ ಒಂದು 0.1 ಸೆರಾಮಿಕ್ ಕೆಪಾಸಿಟರ್ ಇರಲಿ.

ಮೂಲ ಸರ್ಕ್ಯೂಟ್‌ನಲ್ಲಿ 10 ಕೆ, 1 ಕೆ ರೆಸಿಸ್ಟರ್‌ಗಳು ಸೇರಿ ಗೇನ್, ಅಂದರೆ ಸಿಗ್ನಲ್ ಹಿಗ್ಗುವ ಪ್ರಮಾಣ, 11 ಪಟ್ಟು. ಇಯರ್‌ಫೋನ್‌ಗೆ ಇದು ವಿಪರೀತ: ಪ್ಲೇಯರ್‌ನ ‘ಸ್ಸ್’ ಸದ್ದೂ 11 ಪಟ್ಟಾಗುತ್ತದೆ. 10 ಕೆ ಬದಲು 4.7 ಕೆ ಹಾಕಿದರೆ ಗೇನ್ 5.7. 300 ಓಮ್‌ಗೆ ಮಾತ್ರ 11 ಉಳಿಸಿಕೊಳ್ಳಿ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್‌ನಲ್ಲಿ ಒಪಿಎ2134 ಸಿಗದೆ ಅಗ್ಗದ ಎನ್‌ಇ5532 ತರುವವರಿದ್ದಾರೆ. ಈ ಸರ್ಕ್ಯೂಟ್‌ಗೆ ಅದು ಬೇಡ. ಅದರ ಇನ್‌ಪುಟ್ ಎಳೆಯುವ ಸುಮಾರು 200 ನ್ಯಾನೋಆಂಪ್ 100 ಕೆ ಮೇಲೆ 20 ಮಿಲಿವೋಲ್ಟ್ ಆಗಿ, 11ರ ಗೇನ್‌ನಲ್ಲಿ 220 ಮಿಲಿವೋಲ್ಟ್ ಡಿಸಿ ಸೀದಾ ಹೆಡ್‌ಫೋನ್‌ನ ಕಾಯಿಲ್‌ಗೆ ಹೋಗುತ್ತದೆ. ಐಸಿ ಯಾವುದೇ ಇರಲಿ, ಹೆಡ್‌ಫೋನ್ ಸಿಕ್ಕಿಸುವ ಮುಂಚೆ ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಮೀಟರ್ ಇಟ್ಟು ನೋಡಿ. 10 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. 20 ದಾಟಿದರೆ ನಾನು ಸಿಕ್ಕಿಸುವುದಿಲ್ಲ. ಸಂಗೀತವಿಲ್ಲದಾಗಲೂ ಐಸಿ ಬಿಸಿಯಾದರೆ ಆಸಿಲೇಶನ್ (ಸರ್ಕ್ಯೂಟ್ ತಾನಾಗಿಯೇ ಕಂಪಿಸುವುದು) ಅಥವಾ ನಕಲಿ ಮಾಲು.

ತಗಡಿನ ಡಬ್ಬಿಗೆ ಜಾಕ್ ಕೂರಿಸಿದರೆ ಡಬ್ಬಿಯೇ ನಡುಬಿಂದುವಾಗುತ್ತದೆ. ಬ್ಯಾಟರಿಯ ಮೈನಸ್ ತಾಗಿದರೆ ಅರ್ಧ ಸಪ್ಲೈ ಶಾರ್ಟ್. ಒಳಗೆಲ್ಲ ಟೇಪ್ ಅಂಟಿಸಿ. ಪ್ಲೇಯರ್ ಮತ್ತು ಆಂಪ್ ಎರಡನ್ನೂ ಒಂದೇ ಅಡಾಪ್ಟರ್‌ನಿಂದ ನಡೆಸಿದರೂ ಇದೇ ಗತಿ.

ಪ್ಲೇಯರ್‌ನಲ್ಲಿ ಲೈನ್ ಔಟ್ (ವಾಲ್ಯೂಮ್ ನಿಯಂತ್ರಣವಿಲ್ಲದ ಔಟ್‌ಪುಟ್ ಜಾಕ್) ಇದ್ದರೆ ಅದರಿಂದಲೇ ತೆಗೆದುಕೊಳ್ಳಿ. ಇಲ್ಲದಿದ್ದರೆ ಬಾಸ್ ಬೂಸ್ಟ್ ಆಫ್ ಮಾಡಿ, ಪ್ಲೇಯರ್ ವಾಲ್ಯೂಮ್ ಮುಕ್ಕಾಲಿಗೆ ನಿಲ್ಲಿಸಿ, ಉಳಿದದ್ದನ್ನು ಆಂಪ್‌ನ ಇನ್‌ಪುಟ್‌ನಲ್ಲಿರುವ ವಾಲ್ಯೂಮ್ ಕಂಟ್ರೋಲ್, ಅಂದರೆ 10 ಕೆ ಲಾಗ್ ಪಾಟ್‌ನಲ್ಲಿ ಸರಿಮಾಡಿಕೊಳ್ಳಿ. ಎಲ್‌ಇಡಿ ಸೇರಿ 10 ಮಿಲಿಆಂಪ್ ಹತ್ತಿರ ಎಳೆಯುವುದರಿಂದ ಒಳ್ಳೆಯ ಆಲ್ಕಲೈನ್ ಬ್ಯಾಟರಿ 40 ಗಂಟೆಯ ಆಸುಪಾಸು ಬರುತ್ತದೆ. ಜೋರು ಭಾಗಗಳಲ್ಲಿ ಧ್ವನಿ ಒಡೆಯಲು ಶುರುವಾದರೆ ಬದಲಿಸಿ.