ಎಲ್ಲ ದೇಶಗಳಿಗೂ ಒಂದೇ ಡಿಜಿಟಲ್ ಗುರಿ ಬರೆಯಬೇಕಾ? ಮೊದಲು ಲೆಕ್ಕ ಇಡುವವರು ಯಾರು ಅಂತ ಕೇಳಿ

ವಿಶ್ವಸಂಸ್ಥೆಯ ಕರಡುಗಳಿಗೆ ಅಭಿಪ್ರಾಯ ಬರೆದು ಕಳಿಸುವ ಸಂಘಟನೆಯವರು, ದೂರಸಂಪರ್ಕ ನೀತಿಯ ಮೇಲೆ ಕೆಲಸ ಮಾಡುವವರು, ಕಾಲೇಜಿನ ಅಣಕು ವಿಶ್ವಸಂಸ್ಥೆ ಅಧಿವೇಶನಕ್ಕೆ ತಯಾರಾಗುತ್ತಿರುವವರು ಇದನ್ನು ಓದಿ. "2030ರೊಳಗೆ ಎಲ್ಲರಿಗೂ ಇಂಟರ್ನೆಟ್" ಅಂತ ಬರೆದರೆ ಯಾರೂ ಬೇಡ ಅನ್ನುವುದಿಲ್ಲ. ಆದರೆ ಅದು ಆಯಿತೋ ಇಲ್ಲವೋ ಅಂತ 2030ರಲ್ಲಿ ಯಾರು ಹೇಳುತ್ತಾರೆ, ಜನರಿಗೆ ಯಾವ ಪ್ರಶ್ನೆ ಕೇಳಿ ಹೇಳುತ್ತಾರೆ? ಇದಕ್ಕೆ ಉತ್ತರ ಸಿಗುವ ತನಕ ಗುರಿ ಬರೆಯಲು ಕೂರಬೇಡಿ.

ಇಷ್ಟು ಒತ್ತಿ ಹೇಳಲು ಕಾರಣ ಇದೆ. 2003ರ ಡಿಸೆಂಬರ್‌ನಲ್ಲಿ ಜಿನೀವಾದಲ್ಲಿ ಮಾಹಿತಿ ಸಮಾಜದ ಕುರಿತ ವಿಶ್ವ ಶೃಂಗಸಭೆ ನಡೆಯಿತು. ಅಲ್ಲಿ ದೇಶಗಳೆಲ್ಲ ಸೇರಿ 2015ಕ್ಕೆ ಅಂತ 10 ಗುರಿ ಇಟ್ಟುಕೊಂಡವು. ಹಳ್ಳಿಗಳಿಗೆ ಸಂಪರ್ಕ ಸಿಗಬೇಕು, ಶಾಲೆ, ಗ್ರಂಥಾಲಯ, ಆಸ್ಪತ್ರೆಗಳಿಗೆ ಸಿಗಬೇಕು, ಪ್ರಪಂಚದ ಎಲ್ಲ ಭಾಷೆಗಳಿಗೂ ಇಂಟರ್ನೆಟ್‌ನಲ್ಲಿ ಜಾಗ ಇರಬೇಕು, ಹೀಗೆ. ಎಲ್ಲವೂ ಬೇಕಾದದ್ದೇ. ಆದರೆ ಊರಿಗೊಂದು ಫೋನ್ ಬಂದರೆ ಆ ಹಳ್ಳಿಗೆ ಸಂಪರ್ಕ ಸಿಕ್ಕಿತು ಅಂತ ಬರೆದುಕೊಳ್ಳಬೇಕಾ, ಪಂಚಾಯಿತಿ ಕಚೇರಿಗೆ ಕೇಬಲ್ ಬಂದ ಮೇಲಾ, ಇಲ್ಲ ಮನೆಮನೆಗೂ ಬಂದ ಮೇಲಾ? ಗುರಿಗಳನ್ನು ಅಳೆಯುವ ಚೌಕಟ್ಟು ಪ್ರಕಟವಾದದ್ದು 2011ರಲ್ಲಿ, ಗಡುವಿಗೆ ನಾಲ್ಕೇ ವರ್ಷ ಉಳಿದಿದ್ದಾಗ. 2014ರಲ್ಲಿ ಕೊನೆಯ ಪರಿಶೀಲನೆಗೆ ಕೂತಾಗ ಎಷ್ಟೋ ಗುರಿಗಳಿಗೆ ಬೇಕಾದಷ್ಟು ದೇಶಗಳಿಂದ ಅಂಕಿಅಂಶವೇ ಇರಲಿಲ್ಲ. ನಮ್ಮ ಭಾರತ್‌ನೆಟ್ ಯೋಜನೆ ಗಮನಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗ್ರಾಮ ಪಂಚಾಯಿತಿಗೆ ಫೈಬರ್ ಮುಟ್ಟುವುದು ಬೇರೆ, ಆ ಊರಿನ ಜನ ಅದನ್ನು ಬಳಸುವುದು ಬೇರೆ.

ಹಾಗಾಗಿ ಮೊದಲ ಕೆಲಸ ಪ್ರಶ್ನೆ ಆರಿಸುವುದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು, ಇಂಟರ್ನೆಟ್ ಬಳಕೆದಾರರನ್ನು ಎಣಿಸುವ ರೀತಿ ಹೀಗಿದೆ: ಕಳೆದ ಮೂರು ತಿಂಗಳಲ್ಲಿ, ಎಲ್ಲಿಂದಾದರೂ ಸರಿ, ಇಂಟರ್ನೆಟ್ ಬಳಸಿದ್ದೀರಾ? ಮಗನ ಫೋನ್‌ನಲ್ಲಿ ಹಬ್ಬದ ದಿನ ಒಮ್ಮೆ ವಿಡಿಯೊ ಕಾಲ್ ಮಾಡಿದ ಅಜ್ಜಿಯೂ "ಹೌದು" ಅನ್ನಬಹುದು, ದಿನಾ ಎಂಟು ಗಂಟೆ ಲ್ಯಾಪ್‌ಟಾಪ್ ಮುಂದೆ ಕೂರುವವರೂ "ಹೌದು" ಅನ್ನಬಹುದು. ಲೆಕ್ಕದಲ್ಲಿ ಇಬ್ಬರೂ ಒಂದೇ. ನಿಮ್ಮ ಕಾಳಜಿ ಹೆಂಗಸರ ಬಗ್ಗೆ ಇದ್ದರೆ ಈ ಪ್ರಶ್ನೆಯೊಂದೇ ಸಾಲದು, ಫೋನ್ ಯಾರ ಕೈಯಲ್ಲಿದೆ ಅಂತಲೂ ಕೇಳಬೇಕು. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳ ಪಟ್ಟಿಯಲ್ಲಿ 5.ಬಿ ಅದನ್ನೇ ಮಾಡುತ್ತದೆ, ಸ್ವಂತ ಮೊಬೈಲ್ ಇರುವವರನ್ನು ಗಂಡು, ಹೆಣ್ಣು ಅಂತ ಬೇರೆ ಬೇರೆ ಎಣಿಸುತ್ತದೆ. ಅಲ್ಲಿ "ಸ್ವಂತ" ಅನ್ನುವುದಕ್ಕೂ ವಿವರ ಇದೆ: ಫೋನ್ ಬೇರೆಯವರ ಹೆಸರಿನಲ್ಲಿ ನೋಂದಣಿ ಆಗಿದ್ದರೂ ನಿಮ್ಮ ಖಾಸಗಿ ಬಳಕೆಗೆ ಇದ್ದರೆ ಸೇರುತ್ತದೆ, ಬರೀ ಸಿಮ್ ಇದ್ದು ಫೋನ್ ಇಲ್ಲದಿದ್ದರೆ ಸೇರುವುದಿಲ್ಲ. ಇಷ್ಟು ಸಣ್ಣದಾಗಿ ಬರೆದಿದ್ದರೆ ಮಾತ್ರ ನೇಪಾಳದ ಉತ್ತರವನ್ನೂ ಪೆರುವಿನ ಉತ್ತರವನ್ನೂ ಪಕ್ಕಪಕ್ಕ ಇಡಬಹುದು.

ಆಮೇಲೆ ಸಂಖ್ಯೆ. ಈಗ ಎಲ್ಲಿದ್ದೇವೆ ಅಂತ ನೋಡದೆ ಸಂಖ್ಯೆ ಹಾಕಬೇಡಿ. ಅದೇ ಸುಸ್ಥಿರ ಅಭಿವೃದ್ಧಿ ಪಟ್ಟಿಯ 9.ಸಿ ಗುರಿ ತೀರಾ ಹಿಂದುಳಿದ ದೇಶಗಳಲ್ಲಿ ಎಲ್ಲರಿಗೂ ಕೈಗೆಟುಕುವ ಇಂಟರ್ನೆಟ್ ಒದಗಿಸಲು 2020ರ ಗಡುವು ಇಟ್ಟಿತ್ತು. 2024ರಲ್ಲೂ ಆ ದೇಶಗಳಲ್ಲಿ ಇಂಟರ್ನೆಟ್ ಬಳಸುವವರು ಸುಮಾರು 35% ಅಂತ ಐಟಿಯು ಅಂದಾಜು. ಅದಕ್ಕಿಂತ 2014ರಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಐಟಿಯು ಸದಸ್ಯ ದೇಶಗಳು ಒಪ್ಪಿದ ಕನೆಕ್ಟ್ 2020 ಅನ್ನುವ ಗುರಿಪಟ್ಟಿ ನನಗೆ ಜಾಸ್ತಿ ಪ್ರಾಮಾಣಿಕ ಅನ್ನಿಸುತ್ತದೆ. ಅದು 2020ಕ್ಕೆ ಇಡೀ ಜಗತ್ತಿಗೆ 60% ಬಳಕೆದಾರರು ಅಂತ ಇಟ್ಟು, ಅಭಿವೃದ್ಧಿಶೀಲ ದೇಶಗಳಿಗೆ 50%, ತೀರಾ ಹಿಂದುಳಿದ ದೇಶಗಳಿಗೆ 20% ಅಂತ ಬೇರೆಯಾಗಿಯೇ ಬರೆಯಿತು. ಒಂದೇ ಜಾಗತಿಕ ಸರಾಸರಿ ಇಟ್ಟರೆ ದೊಡ್ಡ ದೇಶಗಳ ಏರಿಕೆಯಲ್ಲಿ ಸಣ್ಣ ಬಡ ದೇಶಗಳು ಕಾಣೆಯಾಗುತ್ತವೆ.

ಬೆಲೆಯ ಗುರಿಯಲ್ಲೂ ಸರಾಸರಿಯದೇ ತೊಂದರೆ. ಐಟಿಯು ಮತ್ತು ಯುನೆಸ್ಕೊ ಸೇರಿ 2010ರಲ್ಲಿ ಶುರುಮಾಡಿದ ಬ್ರಾಡ್‌ಬ್ಯಾಂಡ್ ಆಯೋಗ 2018ರಲ್ಲಿ ಒಂದು ಗುರಿ ಕೊಟ್ಟಿತು: 2025ಕ್ಕೆ ಕನಿಷ್ಠ ಮಟ್ಟದ ಬ್ರಾಡ್‌ಬ್ಯಾಂಡ್ ಬೆಲೆ ತಲಾ ಮಾಸಿಕ ಆದಾಯದ 2%ಗಿಂತ ಕಡಿಮೆ ಇರಬೇಕು. ಒಳ್ಳೆಯ ಗುರಿ, ಅಳೆಯಲೂ ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ತಿಂಗಳ ಸರಾಸರಿ ಆದಾಯ 20,000 ರೂಪಾಯಿ ಇದ್ದರೆ 2% ಅಂದರೆ 400. ತಿಂಗಳಿಗೆ 8,000 ದುಡಿಯುವವರಿಗೆ ಅದೇ 400 ರೂಪಾಯಿ 5% ಆಗುತ್ತದೆ. ದೇಶ ಗುರಿ ಮುಟ್ಟಿತು, ಅವರು ಹೊರಗೇ ಉಳಿದರು. ನೀವು ಬರೆಯುವಾಗ "ಅತಿ ಕಡಿಮೆ ಆದಾಯದ 40% ಜನರಿಗೂ" ಅಂತ ಒಂದು ಸಾಲು ಸೇರಿಸಿ, ಜಗಳ ಬಂದರೂ ಬಿಡಬೇಡಿ.

ಇನ್ನೊಂದು ವಿಷಯ, ಸರ್ಕಾರದ ಕೈಯಲ್ಲಿ ಇರುವುದನ್ನೂ ಇಲ್ಲದ್ದನ್ನೂ ಬೇರೆ ಮಾಡಿ. ಕನೆಕ್ಟ್ 2020ರಲ್ಲಿ ಇ-ತ್ಯಾಜ್ಯವನ್ನು 50% ತಗ್ಗಿಸುತ್ತೇವೆ ಅಂದಿದ್ದರು. ಜನ ಫೋನ್ ಬದಲಾಯಿಸುವುದನ್ನು ಯಾವ ಇಲಾಖೆ ತಡೆಯುತ್ತದೆ? ಅದರ ನಂತರದ ಪಟ್ಟಿಯಾದ ಕನೆಕ್ಟ್ 2030ರಲ್ಲಿ ಅದನ್ನು ಬದಲಿಸಿ, 2023ಕ್ಕೆ 30% ಮರುಬಳಕೆ, ಅರ್ಧದಷ್ಟು ದೇಶಗಳಲ್ಲಿ ಇ-ತ್ಯಾಜ್ಯ ಕಾನೂನು ಅಂತ ಇಟ್ಟರು. ಎರಡೂ ಈಡೇರಲಿಲ್ಲ. 2022ರಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದಕ್ಕೆ ದಾಖಲೆ ಇರುವುದು 22.3%ಗೆ ಮಾತ್ರ. ಆದರೂ ಕಾನೂನಿನ ಗುರಿ ಮುಖ್ಯ, ಯಾಕೆಂದರೆ ಯಾವ ದೇಶ ಮಾಡಿಲ್ಲ ಅಂತ ಹೆಸರು ಹಿಡಿದು ಕೇಳಬಹುದು.

ಎಣಿಸಲು ದುಡ್ಡು ಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಮನೆಮನೆ ಸಮೀಕ್ಷೆ ಮಾಡುವುದು ಆಯಾ ದೇಶದ ಅಂಕಿಅಂಶ ಕಚೇರಿ, ಬಡ ದೇಶಗಳಲ್ಲಿ ಅದು ವರ್ಷವರ್ಷ ಆಗುವುದಿಲ್ಲ, ಖಾಲಿ ಜಾಗವನ್ನು ಐಟಿಯು ಅಂದಾಜಿನಿಂದ ತುಂಬುತ್ತದೆ. ಆದ್ದರಿಂದ ಸಮೀಕ್ಷೆಯ ಖರ್ಚು ಯಾರದ್ದು ಅಂತ ಗುರಿಯ ಜೊತೆಯಲ್ಲೇ ಬರೆಯಿರಿ.

ಸಲ್ಲಿಸುವಾಗ ಒಂದು ಗುರಿಗೆ ಒಂದೇ ಪುಟ ಸಾಕು. ಗುರಿಯ ವಾಕ್ಯ, ಸಮೀಕ್ಷೆಯ ಪ್ರಶ್ನೆ, ಆರಂಭದ ವರ್ಷ ಮತ್ತು ಆಗಿನ ಸಂಖ್ಯೆ, ಎಣಿಸುವವರು, ದುಡ್ಡು ಕೊಡುವವರು, ನಡುವೆ ಪರಿಶೀಲಿಸುವ ವರ್ಷ. ಐಟಿಯುನಲ್ಲಿ ಭಾರತದ ಪರ ಮಾತಾಡುವುದು ದೂರಸಂಪರ್ಕ ಇಲಾಖೆ, ಅವರಿಗೆ ಕಳಿಸಿ. ಐಟಿಯುನ ಮುಂದಿನ ಮಹಾಸಭೆ 2026ರ ನವೆಂಬರ್‌ನಲ್ಲಿ ದೋಹಾದಲ್ಲಿ ಅಂತ ನಿಗದಿಯಾಗಿದೆ. ಇಂಥ ಸಭೆಗಳ ಕರಡು ಬಹಳ ಮುಂಚೆಯೇ ಕಾರ್ಯಗುಂಪುಗಳಲ್ಲಿ ತಯಾರಾಗುತ್ತದೆ, ಸಭೆ ಶುರುವಾದ ಮೇಲೆ ಕಳಿಸಿದರೆ ಓದಲು ಯಾರಿಗೂ ಪುರುಸೊತ್ತು ಇರುವುದಿಲ್ಲ.